ಸಹಿ ಹಾಕುವವನ ಬೆನ್ನಿಗೆ ಯಾರಿದ್ದಾರೆ?

ಕೆಲಸದಲ್ಲಿ ಪ್ರಾಮಾಣಿಕತೆಯ ಬಗ್ಗೆ ಒಂದು ಲೇಖನ ಓದಿದೆ. ಅದು ಅವರವರ ಮನಸ್ಸಾಕ್ಷಿಗೆ ಬಿಟ್ಟಿದ್ದು ಅಂತ ಲೇಖಕರು ಬರೆದಿದ್ದಾರೆ. ಅಷ್ಟಕ್ಕೇ ನಿಲ್ಲಿಸಿದ್ದು ನನಗೆ ಒಪ್ಪಿಗೆಯಿಲ್ಲ.

ಕಟ್ಟಡದ ಕೆಲಸದಲ್ಲಿ ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ನೋಡೋಕೆ ಕ್ಯೂಬ್ ಟೆಸ್ಟ್ ಅಂತ ಇದೆ. ಸ್ಲ್ಯಾಬಿಗೆ ಹಾಕುವ ಕಾಂಕ್ರೀಟನ್ನೇ 15 ಸೆಂ.ಮೀ. ಅಚ್ಚುಗಳಿಗೆ ತುಂಬಿ, 28 ದಿನ ಆದ ಮೇಲೆ ಮೆಷಿನ್‌ನಲ್ಲಿ ಒತ್ತಿ ಒಡೆಯುತ್ತಾರೆ. ಮೋಸ ಮಾಡೋದು ತುಂಬಾ ಸುಲಭ. ಅಚ್ಚಿಗೆ ಹಾಕುವ ಕಾಂಕ್ರೀಟಿಗೆ ಮಾತ್ರ ಒಂದೆರಡು ಬೊಗಸೆ ಸಿಮೆಂಟ್ ಜಾಸ್ತಿ ಬೆರೆಸಿದರೆ ಆಯ್ತು, ರಿಪೋರ್ಟ್ ಚೆನ್ನಾಗೇ ಬರುತ್ತದೆ. ಸಹಿ ಹಾಕಬೇಕಾದವನು ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗ. "ಸುಮ್ನೆ ಸಹಿ ಹಾಕಪ್ಪ, ಬಿಲ್ ನಿಂತಿದೆ" ಅಂತ ಮೇಲಿನವರೇ ಹೇಳಿದರೆ ಅವನೇನು ಮಾಡಬೇಕು?

ಕೆಜಿಎಫ್‌ನ ಎಸ್. ಮಂಜುನಾಥ್ ನೆನಪಿದ್ದಾರಲ್ವಾ? ಲಖನೌ ಐಐಎಂನಲ್ಲಿ ಓದಿ ಇಂಡಿಯನ್ ಆಯಿಲ್ ಸೇರಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಮಾರುತ್ತಿದ್ದ ಪೆಟ್ರೋಲ್ ಬಂಕಿನ ಮೇಲೆ ಕ್ರಮ ಕೈಗೊಂಡಿದ್ದಕ್ಕೆ 2005ರ ನವೆಂಬರ್‌ನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ ಬರೀ 27 ವರ್ಷ. ಅವರ ಮನಸ್ಸಾಕ್ಷಿಗೆ ಏನು ಕಡಿಮೆಯಾಗಿತ್ತು? ಅಕ್ರಮ ಬಯಲಿಗೆಳೆಯುವವರನ್ನು ಕಾಪಾಡುವ ಕಾಯ್ದೆಯನ್ನು ಸಂಸತ್ತು 2014ರಲ್ಲೇ ಅಂಗೀಕರಿಸಿತು. ವರ್ಷಗಳೇ ಕಳೆದರೂ ಅದು ಜಾರಿಗೆ ಬರಲಿಲ್ಲ. ಲೇಖಕರು ಇದರ ಬಗ್ಗೆಯೂ ದಯವಿಟ್ಟು ಬರೆಯಲಿ.