ರೈಟ್ ಅಂದ್ರೆ ಬಲಗಡೆ ಅಲ್ಲ

ನಿವೃತ್ತ ಕಂಡಕ್ಟರ್ ಒಬ್ಬರನ್ನು ಹಿಂದೆ ನಿಲ್ಲಿಸಿಕೊಂಡು ಗಾಡಿ ರಿವರ್ಸ್ ತೆಗೆಯುವವರು ಮೊದಲೇ ಭಾಷೆಯ ವಿಷಯದಲ್ಲಿ ಒಂದು ಒಪ್ಪಂದಕ್ಕೆ ಬರಬೇಕು. ನಾವು ಬಂದಿರಲಿಲ್ಲ.

ಗಾಡಿ 31 ಅಡಿ ಉದ್ದದ ಮೋಟರ್‌ಹೋಮ್, ಅಂದರೆ ಅಡುಗೆ ಒಲೆ, ಹಾಸಿಗೆ, ಕಕ್ಕಸು ಸಮೇತ ಓಡುವ ಮನೆ. ಜಾಗ ಅಮೆರಿಕದ ಯೆಲ್ಲೊಸ್ಟೋನ್ ನ್ಯಾಷನಲ್ ಪಾರ್ಕಿನ ಒಳಗೆ ಇಂಥ ಗಾಡಿಗಳು ತಂಗಲೆಂದೇ ಇರುವ ಫಿಶಿಂಗ್ ಬ್ರಿಜ್ ಆರ್‌ವಿ ಪಾರ್ಕ್. ಹೆಸರೇನೋ ಫಿಶಿಂಗ್ ಬ್ರಿಜ್, ಆದರೆ ಆ ಸೇತುವೆ ಮೇಲೆ ನಿಂತು ಮೀನು ಹಿಡಿಯುವುದನ್ನು 1973ರಲ್ಲೇ ನಿಲ್ಲಿಸಿಬಿಟ್ಟಿದ್ದಾರೆ. ಇದು ಗೊತ್ತಾದಾಗ ಅಪ್ಪನಿಗೆ ಆ ಊರಿನ ಮೇಲೆ ಒಂದು ಥರ ಪ್ರೀತಿ ಹುಟ್ಟಿತು. "ನಮ್ ಎಕ್ಸ್‌ಪ್ರೆಸ್ ಬಸ್ಸೂ ಅಷ್ಟೇ ಅಲ್ವಾ, ಎಲ್ಲಾ ಸ್ಟಾಪಲ್ಲೂ ನಿಲ್ಸೋದೇ" ಅಂದರು. ಹಾಸನ ಡಿಪೋದಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಹರಿದವರು ಅವರು.

ಗಾಡಿ ಬಾಡಿಗೆಗೆ ಹಿಡಿದದ್ದು ಸಾಲ್ಟ್ ಲೇಕ್ ಸಿಟಿಯಲ್ಲಿ. ಸಾಮಾನ್ಯ ಕಾರಿನ ಲೈಸೆನ್ಸು ತೋರಿಸಿದೆ, ಕೀ ಕೊಟ್ಟರು. ಅಪ್ಪ ಗಾಬರಿಯಾದರು. "ಹೆವಿ ಲೈಸೆನ್ಸ್ ಕೇಳ್ಲಿಲ್ವಾ? ಬ್ಯಾಡ್ಜು?" ಅಂತ ಎರಡು ಸಲ ವಿಚಾರಿಸಿ, ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು, "ನಮ್ ಬಸ್ಸಿಗಿಂತ ಎರಡು ಸೀಟು ಗಿಡ್ಡ ಅಷ್ಟೇ ಕಣೋ" ಅಂದರು. ಆಫೀಸಿನ ಹುಡುಗ ಮುಕ್ಕಾಲು ಗಂಟೆ ಎಲ್ಲ ವಿವರಿಸಿದ. ನಾನು ಗಣಿತದ ಕ್ಲಾಸಿನಲ್ಲಿ ಆಡಿಸುತ್ತಿದ್ದ ಹಾಗೆ ತಲೆ ಆಡಿಸಿದೆ. ಹೆಂಡತಿ ಮೊಬೈಲಿನಲ್ಲಿ ವಿಡಿಯೋ ಹಿಡಿದಳು. ನೆರಳಿಗೆ ಬಿಚ್ಚುವ ಪರದೆಯ ಬಗ್ಗೆ ಎಂಟು ನಿಮಿಷ ಚೆನ್ನಾಗಿ ಬಂದಿದೆ. ಸ್ಲೈಡ್‌-ಔಟ್ ಬಗ್ಗೆ ಅವನು ಬಾಯಿ ತೆರೆಯುವ ಹೊತ್ತಿಗೆ ಸ್ಟೋರೇಜ್ ಫುಲ್.

ಸ್ಲೈಡ್‌-ಔಟ್ ಅಂದರೆ, ಬೆಂಕಿಪೊಟ್ಟಣದ ಒಳಡಬ್ಬಿ ಎಳೆದ ಹಾಗೆ ಗಾಡಿಯ ಪಕ್ಕದ ಗೋಡೆಯೇ ಸೋಫಾ, ಊಟದ ಮೇಜು ಸಮೇತ ಹೊರಗೆ ಜರುಗುವುದು. ಅಲ್ಲಿನ ರಸ್ತೆಯಲ್ಲಿ ಗಾಡಿಗಳ ಅಗಲ ಎಂಟೂವರೆ ಅಡಿ ದಾಟುವ ಹಾಗಿಲ್ಲ. ಓಡುವಾಗ ಕಾನೂನಿಗೆ ತಕ್ಕಂತೆ ಹೊಟ್ಟೆ ಎಳೆದುಕೊಂಡಿರುವುದು, ನಿಂತ ಮೇಲೆ ಬಿಡುವುದು. ಫೋಟೋ ತೆಗೆಸಿಕೊಳ್ಳುವ ನಮ್ಮಂಥವರಿಗೆ ಇದು ಹೊಸತೇನಲ್ಲ.

ಮುನ್ನೂರು ಮೈಲಿಗೂ ಹೆಚ್ಚು ಓಡಿಸಿಕೊಂಡು ಸಂಜೆ ನಮ್ಮ ಜಾಗಕ್ಕೆ ಬಂದೆವು. ರಿವರ್ಸಿನಲ್ಲೇ ಹಾಕಬೇಕಾದ ಜಾಗ. ಎಡಕ್ಕೆ ಕರೆಂಟಿನ ಕಂಬ ಮತ್ತೊಂದು ಪೈನ್ ಮರ. ಬಲಕ್ಕೆ ಬಸ್ಸಿನಷ್ಟು ದೊಡ್ಡ ಮೋಟರ್‌ಹೋಮಿನ ಮುಂದೆ ಮಡಿಸುವ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಕಾಫಿ ಹಿಡಿದು ಕೂತ ಟೆಕ್ಸಾಸಿನ ಹಿರಿಯರೊಬ್ಬರು. ಹೊಸಬರು ಗಾಡಿ ನಿಲ್ಲಿಸುವುದನ್ನು ನೋಡುವುದು ಅಲ್ಲಿಯ ಹಳಬರಿಗೆ ಸಂಜೆಯ ಬಯಲಾಟ ಅಂತ ಆಮೇಲೆ ತಿಳಿಯಿತು.

ಅಪ್ಪ ಹಿಂದೆ ಹೋಗಿ ನಿಂತರು. "ರೈಟ್!" ಅಂದರು. ನಾನು ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದೆ. "ರೈಟ್... ರೈಟ್... ರೈಟ್ ರೈಟ್!" ನಾನು ಇನ್ನೂ ಬಲಕ್ಕೆ ತಿರುಗಿಸಿದೆ. ಹಿರಿಯರು ಕಾಫಿ ಚೆಲ್ಲದ ಹಾಗೆ, ಪೂರ್ತಿ ಏಳದೆ, ಕುರ್ಚಿ ಸಮೇತ ಎರಡಡಿ ಆಚೆ ಸರಿದರು. ಇಷ್ಟು ವರ್ಷ ಈ ದೇಶದಲ್ಲಿದ್ದು ನನಗೆ ರೈಟ್ ಅಂದರೆ ಬಲಗಡೆಯಾಗಿತ್ತು. ಅಪ್ಪನಿಗೆ ರೈಟ್ ಅಂದರೆ ಹೋಗಬಹುದು.

"ಹೋಲ್ಡಾನ್! ಹೋಲ್ಡಾನ್! ಯಾವ್ ಕಡೆ ಹೋಗ್ತಿದೀಯೋ?"

"ನೀವೇ ರೈಟ್ ಅಂದ್ರಲ್ಲ ಅಪ್ಪಾ!"

"ರೈಟ್ ಅಂದ್ರೆ ನೆಟ್ಟಗೆ ಬಾ ಅಂತ!"

ಐದನೇ ಸಲಕ್ಕೆ ಗಾಡಿ ಒಳಗೆ ಬಂತು. ಬಲಗಡೆಯ ಭಯಕ್ಕೆ ಎಡಕ್ಕೆ ತುಸು ಹೆಚ್ಚೇ ಸರಿದಿತ್ತು.

ಮುಂದಿನದು ಸ್ಲೈಡ್‌-ಔಟ್. ನಾನು ಬಾಗಿಲ ಹತ್ತಿರದ ಬಟನ್ ಒತ್ತಿ ಹಿಡಿದೆ. ಆ ಹೊತ್ತಿಗೆ ಯಾರಾದರೂ ಹೊರಗೆ ನಿಂತು ನೋಡಬೇಕಿತ್ತು. ನೋಡಬೇಕಾದವರು ಒಳಗೆ ಸೋಫಾದ ಮೇಲೆ ಕೂತಿದ್ದರು. ಮೋಟರ್ ಗುಂಯ್ ಅಂತು, ಸೋಫಾ ಸಮೇತ ಅಪ್ಪ ನಿಧಾನವಾಗಿ ನಮ್ಮಿಂದ ದೂರ ಹೋಗತೊಡಗಿದರು. ಮಗಳು "ತಾತಾ, ಬಾಯ್" ಅಂತ ಕೈ ಬೀಸಿದಳು. ಅಮ್ಮ ಹೊಸದಾಗಿ ಹುಟ್ಟಿದ ನೆಲ ಕಂಡ ತಕ್ಷಣ, ಖಾಲಿ ಜಾಗ ಕಂಡರೆ ಸುಮ್ಮನಿರಲಾಗದ ಸ್ವಭಾವಕ್ಕೆ ತಕ್ಕಂತೆ, ಚಕ್ಕುಲಿ ಡಬ್ಬ ತಂದು ಅಲ್ಲಿಟ್ಟರು.

ಅಷ್ಟರಲ್ಲಿ ಹೊರಗಿನಿಂದ ಯಾರೋ ಗಾಡಿಯ ಮೈಗೆ ದಬ ದಬ ಅಂತ ಎರಡೇಟು ಬಡಿದರು. ನಾನು ಅಪ್ಪನ ಮುಖ ನೋಡಿದೆ.

"ಡಬಲ್ ಬೆಲ್ಲು. ಹೋಗ್ಲಿ" ಅಂದರು ಅಪ್ಪ.

ನಾನು ಬಟನ್ ಬಿಡಲಿಲ್ಲ. ಗುಂಯ್ ಅನ್ನುತ್ತಿದ್ದ ಮೋಟರು ಗೊರ್ರ್ ಅಂತು, ಎಲ್ಲೋ ಏನೋ ಕಟಕ್ ಅಂತು, ಅಪ್ಪ ನಿಂತರು. ಬಡಿದದ್ದು ಟೆಕ್ಸಾಸಿನ ಹಿರಿಯರು. ನಿಲ್ಲಿಸಿ ಅಂತ ಬಡಿದದ್ದು. ನಮ್ಮಲ್ಲಿ ನಿಲ್ಲಿಸುವುದಕ್ಕೆ ಸಿಂಗಲ್ ಬೆಲ್ಲು ಅಂತ ಅವರಿಗೆ ಹೇಳಿದವರು ಯಾರು? ಹೊರಗೆ ಹೋಗಿ ನೋಡಿದರೆ ನಮ್ಮ ನಡುಮನೆಯ ಮೂಲೆ ಪೈನ್ ಮರಕ್ಕೆ ಒರಗಿತ್ತು. ಅಂಚಿನ ಪಟ್ಟಿ ಗೇಣುದ್ದ ಕಿತ್ತು ಬಾಳೆ ಎಲೆಯ ತುದಿಯ ಹಾಗೆ ಮೇಲಕ್ಕೆದ್ದಿತ್ತು. ಮರಕ್ಕೆ ಏನೂ ಆಗಿರಲಿಲ್ಲ.

"ಮೊದಲು ಒಳಗೆ ತಗೊಳ್ಳಿ" ಅಂದರು ಹಿರಿಯರು. ಓಡಿ ಬಂದು ಇನ್ನೊಂದು ಬಟನ್ ಒತ್ತಿದೆ. ಸೋಫಾ ಒಳಗೆ ಬಂತು, ಬರುತ್ತಾ ಚಕ್ಕುಲಿ ಡಬ್ಬವನ್ನು ತಳ್ಳಿಕೊಂಡು ಬಂತು, ಎದುರಿನ ಅಡುಗೆ ಕಟ್ಟೆಗೆ ಒತ್ತಿತು. ಅಮ್ಮನ ಮದುವೆಗೆ ಬಂದ ಸ್ಟೀಲ್ ಡಬ್ಬ ಅದು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಅಮ್ಮನ ಹೆಸರು, ತಾರೀಖು ಹೊಡೆಸಿದ್ದಾರೆ. ಗುಂಡಗಿದ್ದದ್ದು ಮಾವಿನಕಾಯಿಯ ಆಕಾರಕ್ಕೆ ಬಂತು, ಮುಚ್ಚಳ ಠಣ್ ಅಂತ ಹಾರಿ ಸಿಂಕಿಗೆ ಬಿತ್ತು. ಒಳಗಿದ್ದ ಚಕ್ಕುಲಿ ರವೆಯಾಗಿತ್ತು. ಅಮ್ಮ ಒಂದೂ ಮಾತಾಡದೆ ಮುಚ್ಚಳ ಎತ್ತಿಕೊಂಡು ಸೆರಗಿನಿಂದ ಒರೆಸಿ, ಡಬ್ಬಕ್ಕೆ ಹಾಕಲು ನೋಡಿದರು. ಕೂರಲಿಲ್ಲ. ತಿರುಗಿಸಿ ನೋಡಿದರು. ಕೂರಲಿಲ್ಲ. ಅವರು ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

ಗಾಡಿಯನ್ನು ನಾಲ್ಕಡಿ ಬಲಕ್ಕೆ ಸರಿಸಿದೆವು. ಈ ಸಲ ಹಿರಿಯರೇ ಪಾಠ ಹೇಳಿದರು: ಮೊದಲು ಮಟ್ಟ, ಆಮೇಲೆ ಸ್ಲೈಡು. ಗಾಡಿ ವಾಲಿಕೊಂಡಿರುವಾಗ ಸ್ಲೈಡ್ ಜರುಗಿಸಿದರೆ ಅದರ ಹಲ್ಲು, ಹಳಿ ಎಲ್ಲ ಸೊಟ್ಟಗಾಗುತ್ತವಂತೆ. ಗ್ಯಾಸಿನಲ್ಲಿ ಓಡುವ ನಮ್ಮ ಫ್ರಿಜ್ಜೂ ವಾಲಿದರೆ ಸರಿಯಾಗಿ ತಣ್ಣಗಾಗುವುದಿಲ್ಲವಂತೆ. ಮಟ್ಟ ಮಾಡಲು ಚಕ್ರದ ಕೆಳಗಿಡುವ ಹಳದಿ ಪ್ಲಾಸ್ಟಿಕ್ ಇಟ್ಟಿಗೆಗಳಿದ್ದವು. ಮಟ್ಟ ನೋಡಲು ಏನೂ ಇರಲಿಲ್ಲ. "ರಸಮಟ್ಟ ಇಲ್ದೆ ಮನೆ ಬಾಡಿಗೆಗೆ ಕೊಡ್ತಾರಾ?" ಅಂತ ಅಪ್ಪ ಗೊಣಗಿದರು. ಆಗ ಅಮ್ಮ ಮೌನ ಮುರಿದರು. ಒಲೆ ಮೇಲೆ ತವಾ ಇಟ್ಟು, ಒಂದು ಚಮಚ ಎಣ್ಣೆ ಬಿಟ್ಟರು. ಎಣ್ಣೆ ಮೆಲ್ಲಗೆ ಬಾಗಿಲ ಕಡೆಗೆ ಹರಿಯಿತು. "ಬಾಗಿಲ ಕಡೆ ಎತ್ತು." ಒಂದು ಇಟ್ಟಿಗೆ ಹಾಕಿ ಹತ್ತಿಸಿದೆ. ಎಣ್ಣೆ ಸೋಫಾ ಕಡೆ ಹೊರಳಿತು. "ಜಾಸ್ತಿ ಆಯ್ತು." ಮೂರನೇ ಸಲಕ್ಕೆ ಎಣ್ಣೆ ತವಾದ ನಡುವೆ ಕಾಸಿನಗಲ ನಿಂತಿತು. ಆ ಎಣ್ಣೆಯಲ್ಲೇ ಒಗ್ಗರಣೆಯೂ ಆಯಿತು.

ಕರೆಂಟಿನ ಕತೆ ಚಿಕ್ಕದು. ನಮ್ಮ ಗಾಡಿಗೆ ಬರುವುದು 30 ಆಂಪ್, 120 ವೋಲ್ಟ್, ಅಂದರೆ 3,600 ವಾಟ್. ಹೀಟರು, ಮೈಕ್ರೊವೇವು, ಹೆಂಡತಿಯ ಹೇರ್ ಡ್ರೈಯರು ಮೂರೂ ಒಟ್ಟಿಗೆ ಓಡುವುದಿಲ್ಲ. ಯಾವ ಎರಡು ಓಡಬೇಕು ಅನ್ನುವುದರಲ್ಲಿ ನನ್ನ ಅಭಿಪ್ರಾಯ ಕೇಳಲಿಲ್ಲ.

ಕಕ್ಕಸಿನ ಕತೆ ಇನ್ನೂ ಚಿಕ್ಕದಾಗಿದ್ದರೆ ಚೆನ್ನಾಗಿತ್ತು. ಎರಡು ಟ್ಯಾಂಕು. ಒಂದು ಕಪ್ಪು, ಅದು ಕಕ್ಕಸಿನದು. ಇನ್ನೊಂದು ಬೂದು, ಅದು ಸ್ನಾನದ, ಪಾತ್ರೆ ತೊಳೆದ ನೀರಿನದು. ಮೊದಲು ಕಪ್ಪನ್ನು ಬಿಟ್ಟು ಆಮೇಲೆ ಬೂದನ್ನು ಬಿಟ್ಟರೆ ಸೋಪಿನ ನೀರು ಪೈಪನ್ನೂ ತೊಳೆದುಕೊಂಡು ಹೋಗುತ್ತದೆ. ನಾನು ಉಲ್ಟಾ ಮಾಡಿದೆ. ಆಮೇಲೆ ಮೂರಿಂಚು ದಪ್ಪದ ಆ ಪೈಪನ್ನು ಮಡಿಸುವವನೂ ನಾನೇ ಅನ್ನುವುದು ತಲೆಗೆ ಹೊಳೆದಿರಲಿಲ್ಲ. ಅಡುಗೆ ಒಲೆಗೂ ಕಕ್ಕಸಿಗೂ ನಾಲ್ಕು ಮಾರು ಕೂಡ ಇಲ್ಲವಲ್ಲ ಅಂತ ಮೊದಲೇ ನೊಂದಿದ್ದ ಅಮ್ಮ, "ಎಲ್ರೂ ಅದನ್ನ ಬಿಟ್ಟು ಮುಂದೆ ಹೋಗ್ತಾರೆ, ನಾವು ಕಟ್ಕೊಂಡು ಊರೂರು ಸುತ್ತುತೀವಿ" ಅಂದರು.

ರಾತ್ರಿ ಮಲಗುವ ವಿಷಯ ಬಂತು. ಆ ಜಾಗದಲ್ಲಿ ಗ್ರಿಜ್ಲಿ ಕರಡಿಗಳ ಓಡಾಟ ಇರುವುದರಿಂದ ಗಟ್ಟಿ ಗೋಡೆಯ ಗಾಡಿಗಳಿಗಷ್ಟೇ ಪ್ರವೇಶ, ಟೆಂಟು, ಬಟ್ಟೆಯ ಗೋಡೆ ನಡೆಯುವುದಿಲ್ಲ. ಈ ಬೋರ್ಡನ್ನು ಮಗಳು ಅಪ್ಪನಿಗೆ ಓದಿ ಹೇಳಿದ್ದಳು. ಅಪ್ಪನ ಹಾಸಿಗೆ ಸ್ಲೈಡಿನ ಸೋಫಾ ಮೇಲೆ. ಅವರು ಟಾರ್ಚ್ ಹಿಡಿದು ಹೊರಗೆ ಹೋಗಿ, ಬಗ್ಗಿ ಸ್ಲೈಡಿನ ಕೆಳಗೆ ನೋಡಿ, ಗೋಡೆಯನ್ನು ಹಲಸಿನಹಣ್ಣು ಬಡಿದು ನೋಡುವ ಹಾಗೆ ಬೆರಳ ಗೆಣ್ಣಿನಿಂದ ಬಡಿದು ಒಳಗೆ ಬಂದರು.

"ಕೆಳಗೆ ಒಂದ್ ಕಂಬ ಇಲ್ಲ. ಗಾಳೀಲಿ ನೇತಾಡ್ತಿದೆ. ಕರಡಿ ಬಂದ್ರೆ ಮೊದಲು ಕೈಗೆ ಸಿಗೋದೇ ಈ ಕೋಣೆ."

"ಹಂಗೇನೂ ಆಗಲ್ಲ ಮಾವ, ಗಟ್ಟಿ ಇದೆ" ಅಂದಳು ನನ್ನ ಹೆಂಡತಿ.

"ಹಂಗಾದ್ರೆ ಇವನು ಮಲಗ್ಲಿ ಬಿಡಮ್ಮ."

ಇವನು ಮಲಗಿದ. ನಡುರಾತ್ರಿ ಮರದ ಕೊಂಬೆ ಗೋಡೆಗೆ ಉಜ್ಜಿದಾಗಲೆಲ್ಲ ಇವನು ಎದ್ದು ಕೂತ.

ಮೂರನೇ ದಿನ ಬೆಳಗ್ಗೆ ಹೊರಟೆವು. ಸ್ಲೈಡ್ ಒಳಗೆ ತೆಗೆದುಕೊಳ್ಳುವ ಮುಂಚೆ ಅಮ್ಮ ನೆಲದ ಮೇಲಿದ್ದುದನ್ನೆಲ್ಲ ಎತ್ತಿ ಮಡಿಲಲ್ಲಿಟ್ಟುಕೊಂಡರು, ಸೊಟ್ಟ ಡಬ್ಬವನ್ನೂ. ಚಕ್ಕುಲಿ ರವೆಯನ್ನು ಎರಡು ದಿನ ಮೊಸರಿಗೆ ಹಾಕಿಕೊಂಡು ತಿಂದು ಮುಗಿಸಿದ್ದೆವು. ಅಪ್ಪ ಬಾಗಿಲಲ್ಲಿ ನಿಂತು ತಲೆ ಎಣಿಸಿದರು. ಐದು. ಅಭ್ಯಾಸ ಬಲದಿಂದ ಬಾಗಿಲ ಪಕ್ಕ ಎರಡು ಸಲ ತಟ್ಟಿ "ರೈಟ್" ಅಂದರು. ನನಗೀಗ ಅರ್ಥ ಗೊತ್ತಿತ್ತು. ನೆಟ್ಟಗೆ ಬಿಟ್ಟೆ.

"ಹೋಲ್ಡಾನ್! ಹೋಲ್ಡಾನ್!"

ಕೂಗಿದ್ದು ಅಪ್ಪ ಅಲ್ಲ. ಟೆಕ್ಸಾಸಿನ ಹಿರಿಯರು ಕುರ್ಚಿ ಬಿಟ್ಟು ಎದ್ದು, ಎರಡೂ ಕೈ ಮೇಲೆತ್ತಿ ಓಡಿ ಬರುತ್ತಿದ್ದರು. ಬ್ರೇಕ್ ಒತ್ತಿ ಕನ್ನಡಿಯಲ್ಲಿ ನೋಡಿದೆ. ಕರೆಂಟಿನ ಕಂಬದಿಂದ ನಮ್ಮ ಗಾಡಿಯವರೆಗೆ ಕಪ್ಪು ಕೇಬಲ್ಲು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಬಿಗಿಯಾಗಿ ನಿಂತಿತ್ತು.

ಅಪ್ಪ ಕಿಟಕಿಯಿಂದ ಪೂರ್ತಿ ತಲೆ ಹೊರಗೆ ಹಾಕಿ ಅವರನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಯಾವ ಡಿಪೋ ಅಂತ ಕೇಳೋ."