ಗಡಿಯಾರ ಯಾರದ್ದು? ‘ಬಿಗ್ ಬ್ರೇಕ್’ ಎಂಬ ಹಳೆಯ ಗೇಮ್ ಶೋ ಬಗ್ಗೆ

ಸ್ನೂಕರ್ (ದೊಡ್ಡ ಟೇಬಲ್ ಮೇಲೆ ಕ್ಯೂ ಎಂಬ ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು, ಅದರಿಂದ ಬಣ್ಣದ ಚೆಂಡುಗಳನ್ನು ಅಂಚಿನ ಪಾಕೆಟ್‌ಗಳಿಗೆ ಬೀಳಿಸುವ ಆಟ) ನಿಧಾನದ ಆಟ, ಟಿವಿಯಲ್ಲಿ ಜನ ನೋಡಬೇಕಾದರೆ ಅದನ್ನು ಹೇಗಾದರೂ ಓಡಿಸಬೇಕು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಓಡಿಸುವ ಪ್ರಯತ್ನಗಳೂ ಬೇಕಾದಷ್ಟು ನಡೆದಿವೆ. ನನ್ನ ಲೆಕ್ಕದಲ್ಲಿ ಅವುಗಳಲ್ಲಿ ಸರಿಯಾದ ದಾರಿ ಹಿಡಿದದ್ದು ಪಂದ್ಯಾವಳಿಯಲ್ಲ, ಒಂದು ಗೇಮ್ ಶೋ: ಬಿಬಿಸಿಯಲ್ಲಿ 1991ರಿಂದ 2002ರವರೆಗೆ ಬಂದ ‘ಬಿಗ್ ಬ್ರೇಕ್’. ನಿರೂಪಕ ಹಾಸ್ಯಗಾರ ಜಿಮ್ ಡೇವಿಡ್‌ಸನ್. ರೆಫರಿಯಾಗಿ, ಟ್ರಿಕ್ ಶಾಟ್ ತೋರಿಸುವವರಾಗಿ ಪಕ್ಕದಲ್ಲಿ ಜಾನ್ ವರ್ಗೊ, 1979ರ ಯುಕೆ ಚಾಂಪಿಯನ್. ಡೇವಿಡ್‌ಸನ್ ಅವರ ಕೆಲವು ಜೋಕುಗಳನ್ನು ಇವತ್ತು ಕೇಳಿದರೆ ಮುಜುಗರವಾಗುತ್ತದೆ. ಅದನ್ನು ಸಮರ್ಥಿಸಲು ಹೊರಟಿಲ್ಲ. ನಾನು ಹೇಳಹೊರಟಿರುವುದು ಆಟದ ಕಟ್ಟೋಣದ ಬಗ್ಗೆ.

ಹಿನ್ನೆಲೆ ಬೇಗ ಮುಗಿಸುತ್ತೇನೆ. ಬ್ರಿಟನ್ನಿನಲ್ಲಿ ಸ್ನೂಕರನ್ನು ಟಿವಿಗೆ ಅಂಟಿಸಿದ್ದು 1969ರಲ್ಲಿ ಶುರುವಾದ ‘ಪಾಟ್ ಬ್ಲ್ಯಾಕ್’ ಎಂಬ ಕಾರ್ಯಕ್ರಮ. ಬಿಬಿಸಿ 2ಕ್ಕೆ ಆಗಷ್ಟೇ ಬಣ್ಣ ಬಂದಿತ್ತು, ಅದನ್ನು ಮೆರೆಸಲು ಒಂದು ಆಟ ಬೇಕಿತ್ತು. ಬಣ್ಣಬಣ್ಣದ ಚೆಂಡಿನ ಆಟಕ್ಕಿಂತ ಒಳ್ಳೆಯದು ಏನಿದೆ? ಆಗ ಆ ವಾಹಿನಿಯ ಹೊಣೆ ಹೊತ್ತಿದ್ದವರು, ಈಗ ನಾವೆಲ್ಲ ಕಾಡುಪ್ರಾಣಿಗಳ ಕಾರ್ಯಕ್ರಮಗಳಿಂದ ಬಲ್ಲ ಡೇವಿಡ್ ಆಟನ್‌ಬರೊ. 1985ಕ್ಕೆ ಬರುವ ಹೊತ್ತಿಗೆ ಡೆನಿಸ್ ಟೇಲರ್ ಮತ್ತು ಸ್ಟೀವ್ ಡೇವಿಸ್ ನಡುವಿನ ವಿಶ್ವ ಫೈನಲ್ ಕೊನೆಯ ಕಪ್ಪು ಚೆಂಡಿಗೆ ಬಂದು ನಿಂತಾಗ, ನಡುರಾತ್ರಿ ದಾಟಿದ್ದರೂ 1.85 ಕೋಟಿ ಜನ ಟಿವಿ ಮುಂದೆ ಕೂತಿದ್ದರು. ಅಂದರೆ ನಿಧಾನವೇ ಕಾಯಿಲೆ ಎಂಬ ವಾದ ಅಲ್ಲೇ ಅರ್ಧ ಬಿದ್ದುಹೋಗುತ್ತದೆ. ಆಟಗಾರರು ಮನೆಮಾತಾಗಿದ್ದರು. ಹಾಗಾಗಿಯೇ ಅವರನ್ನು ಸ್ಟುಡಿಯೋಗೆ ಕರೆತಂದು ಕ್ವಿಜ್‌ಗೆ ಕಟ್ಟಿಹಾಕುವುದು ಸಾಧ್ಯವಾಯಿತು.

ಈಗ ಆಟಕ್ಕೆ ಬರೋಣ. ಮೂವರು ಸಾಮಾನ್ಯ ಸ್ಪರ್ಧಿಗಳು, ಒಬ್ಬೊಬ್ಬರಿಗೂ ಜೊತೆಯಾಗಿ ಒಬ್ಬ ವೃತ್ತಿಪರ ಆಟಗಾರ. ಮೊದಲ ಸುತ್ತಿನ ಹೆಸರು ‘ರೆಡ್ ಹಾಟ್’. ಆಟಗಾರನ ಕೈಯಲ್ಲಿ ಮೊದಲಿಗೆ 10 ಸೆಕೆಂಡು ಮಾತ್ರ. ಸ್ಪರ್ಧಿಗೆ ಮೂರು ಪ್ರಶ್ನೆ, ಪ್ರತಿ ಸರಿ ಉತ್ತರಕ್ಕೆ ಇನ್ನೂ 10 ಸೆಕೆಂಡು. ಮೂರೂ ಸರಿಯಾದರೆ 40. ಆ ಹೊತ್ತಿನಲ್ಲಿ ಆಟಗಾರ ಸಿಕ್ಕಷ್ಟು ಕೆಂಪು ಚೆಂಡುಗಳನ್ನು ಪಾಟ್ ಮಾಡಬೇಕು, ಅಂದರೆ ಪಾಕೆಟ್‌ಗೆ ಹಾಕಬೇಕು. ಕಡಿಮೆ ಹಾಕಿದ ಜೋಡಿ ಔಟ್. ಅಷ್ಟೇ. ಹತ್ತು ವರ್ಷದ ಮಗುವಿಗೂ ಅರೆ ನಿಮಿಷದಲ್ಲಿ ಅರ್ಥವಾಗುವ ನಿಯಮ.

ಇಲ್ಲಿ ಜಾಣತನ ಎಲ್ಲಿದೆ ನೋಡಿ. ಸಾಮಾನ್ಯ ಕ್ವಿಜ್‌ನಲ್ಲಿ ಉತ್ತರಕ್ಕೆ ಅಂಕವೋ ಹಣವೋ ಸಿಗುತ್ತದೆ, ನಮ್ಮ ಚಂದನದ ‘ಥಟ್ ಅಂತ ಹೇಳಿ’ಯಲ್ಲಾದರೆ ಪುಸ್ತಕ. ಇಲ್ಲಿ ಸಿಗುವುದು ಹೊತ್ತು. ಅದೂ ತನಗಲ್ಲ, ಜೊತೆಗಾರನಿಗೆ. ಒಂದು ತಪ್ಪು ಉತ್ತರ ಕೊಟ್ಟವನು ತನ್ನ ಹತ್ತು ಸೆಕೆಂಡಿನ ನಷ್ಟ ಏನೆಂದು ಒಂದು ನಿಮಿಷದೊಳಗೆ ಕಣ್ಣಾರೆ ಕಾಣುತ್ತಾನೆ: ಸಮಯ ಮುಗಿದಾಗ ಪಾಕೆಟ್ ಬಾಯಲ್ಲೇ ಕೂತಿರುವ ಕೆಂಪು ಚೆಂಡು! ಐಟಿವಿಯಲ್ಲಿ 1981ರಿಂದ ಬರುತ್ತಿದ್ದ ಡಾರ್ಟ್ಸ್ ಶೋ ‘ಬುಲ್ಸ್‌ಐ’ ಕೂಡ ಉತ್ತರಿಸುವವನನ್ನೂ ಎಸೆಯುವವನನ್ನೂ ಜೋಡಿ ಮಾಡಿತ್ತು. ಆದರೆ ಉತ್ತರವನ್ನು ಸೆಕೆಂಡಾಗಿ ಮುರಿಸಿಕೊಡುವ ಈ ಉಪಾಯ ಕ್ಯೂ ಆಟಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದು ಟೇಬಲ್ಲಿನ ಅಳತೆ ಗೊತ್ತಿದ್ದವರಿಗೆ ತಿಳಿಯುತ್ತದೆ.

ಲೆಕ್ಕ ಹಾಕೋಣ. ಸ್ನೂಕರ್ ಇತಿಹಾಸದ ಅತಿ ವೇಗದ 147 ಬ್ರೇಕ್ (ಒಂದೇ ಸರದಿಯಲ್ಲಿ ಒಂದೂ ತಪ್ಪದೆ ಟೇಬಲ್ ತೆರವು ಮಾಡಿ ಗಳಿಸುವ ಪೂರ್ಣಾಂಕ) ರಾನಿ ಓ’ಸಲಿವನ್ 1997ರಲ್ಲಿ ಶೆಫೀಲ್ಡ್‌ನಲ್ಲಿ ಆಡಿದ್ದು. ಮೊದಲು 5 ನಿಮಿಷ 20 ಸೆಕೆಂಡು ಎಂದು ದಾಖಲಾಗಿತ್ತು, ಮತ್ತೆ ಅಳೆದಾಗ 5 ನಿಮಿಷ 8 ಸೆಕೆಂಡು ಎಂದಾಯಿತು. 147ಕ್ಕೆ 36 ಹೊಡೆತ ಬೇಕು: 15 ಕೆಂಪು, ಪ್ರತಿ ಕೆಂಪಿನ ಬೆನ್ನಿಗೆ ಒಂದರಂತೆ 15 ಕಪ್ಪು, ಕೊನೆಗೆ ಆರು ಬಣ್ಣ. ಭಾಗಿಸಿದರೆ ಒಂದು ಹೊಡೆತಕ್ಕೆ ಸುಮಾರು ಎಂಟೂವರೆ ಸೆಕೆಂಡು. ಭೂಮಿಯ ಮೇಲಿನ ಅತಿ ವೇಗದ ಆಟಗಾರನ ಅತಿ ವೇಗದ ದಿನದ ಸರಾಸರಿ ಇದು. 40 ಸೆಕೆಂಡಿನಲ್ಲಿ ಹತ್ತು ಕೆಂಪು ಹಾಕಬೇಕೆಂದರೆ ಒಂದಕ್ಕೆ ನಾಲ್ಕೇ ಸೆಕೆಂಡು. ಕೆಂಪಿನಿಂದ ಕೆಂಪಿಗೆ ಹೋಗುವುದು ಸುಲಭ, ನಡುವೆ ಬಣ್ಣದ ಚೆಂಡಿನ ಕಾಟವಿಲ್ಲ, ನಿಜ. ಆದರೂ ವೇಗ ಎರಡು ಪಟ್ಟು.

ಆ ನಾಲ್ಕು ಸೆಕೆಂಡು ಎಲ್ಲಿ ಹೋಗುತ್ತದೆ? ಹೊಡೆಯುವುದರಲ್ಲಿ ಅಲ್ಲ, ನಡೆಯುವುದರಲ್ಲಿ. ಪೂರ್ತಿ ಅಳತೆಯ ಟೇಬಲ್ಲಿನ ಆಟದ ಜಾಗ 11 ಅಡಿ 8½ ಇಂಚು ಉದ್ದ, 5 ಅಡಿ 10 ಇಂಚು ಅಗಲ. ಒಂದು ಸುತ್ತು ಹಾಕಿದರೆ ಸುಮಾರು 35 ಅಡಿ, ಅಂಚಿನ ಮರ ಸೇರಿಸಿದರೆ ಇನ್ನಷ್ಟು. ಈ ಬದಿಯಿಂದ ಎದುರು ಬದಿಗೆ ಹೋಗಬೇಕಾಗಿ ಬಂದರೆ ಬಿರಬಿರನೆ ನಡೆದರೂ ಮೂರು ಸೆಕೆಂಡು ಹೋಯಿತು. ಅಂದರೆ ಒಂದು ಸುತ್ತಾಟದ ಬೆಲೆ ಹತ್ತಿರ ಹತ್ತಿರ ಒಂದು ಕೆಂಪು. ಹಾಗಾಗಿ ಈ ಸುತ್ತನ್ನು ಬಲ್ಲವರು ಸುಲಭದ ಚೆಂಡನ್ನು ಹುಡುಕುವುದಿಲ್ಲ, ಹತ್ತಿರದ್ದನ್ನು ಹುಡುಕುತ್ತಾರೆ. ನಿಂತ ಬದಿಯಿಂದಲೇ ಹೊಡೆಯಬಹುದಾದ ಸ್ವಲ್ಪ ಕಷ್ಟದ ಕಟ್ (ಓರೆ ಹೊಡೆತ), ಎದುರು ಬದಿಯ ನೇರ ಪಾಟ್‌ಗಿಂತ ಅಗ್ಗ. ಮಾಮೂಲಿ ಪಂದ್ಯದಲ್ಲಿ ಹೀಗೆ ಯೋಚಿಸಿದರೆ ತಲೆ ಕೆಟ್ಟಿದೆ ಎನ್ನುತ್ತಾರೆ.

ಎರಡನೆಯ ಖರ್ಚು ಬಿಳಿ ಚೆಂಡು ನಿಲ್ಲುವವರೆಗಿನ ಕಾಯುವಿಕೆ. ಮಾಮೂಲಿ ಆಟದಲ್ಲಿ ಫಾಲೋ (ಬಿಳಿ ಮುಂದಕ್ಕೆ ಉರುಳುವಂತೆ), ಸ್ಕ್ರೂ (ಹಿಂದಕ್ಕೆ ಬರುವಂತೆ), ಸೈಡ್ (ಪಕ್ಕಕ್ಕೆ ತಿರುಗುವಂತೆ) ಎಲ್ಲ ಹಾಕಿ ಬಿಳಿಯನ್ನು ಕುಶನ್‌ಗೆ, ಅಂದರೆ ಟೇಬಲ್ಲಿನ ರಬ್ಬರ್ ಅಂಚಿಗೆ, ತಾಗಿಸಿ ಊರೆಲ್ಲ ಸುತ್ತಿಸಿ ತರುವುದು ಕಲೆ. ಇಲ್ಲಿ ಅದು ದುಂದು. ಸ್ಟನ್ ಹೊಡೆತವೇ ದೇವರು: ಬಿಳಿಯ ನಡುವಿಗಿಂತ ತುಸು ಕೆಳಗೆ ಹೊಡೆದು, ತಾಗಿದ ಜಾಗದಲ್ಲೇ ಅದನ್ನು ನಿಲ್ಲಿಸುವುದು. ಬಿಳಿ ನಿಂತಷ್ಟು ಬೇಗ ಮುಂದಿನ ಚೆಂಡಿಗೆ ಬಗ್ಗಬಹುದು. ಮೂರನೆಯ ಖರ್ಚು ರೆಸ್ಟ್, ಅಂದರೆ ಕ್ಯೂಗೆ ಆಸರೆ ಕೊಡುವ ಉದ್ದ ಕೋಲು. ಕೈ ಎಟುಕದ ಕಡೆ ರೆಸ್ಟ್ ತೆಗೆದು, ಇಟ್ಟು, ಹೊಡೆದು, ವಾಪಸ್ ಎತ್ತುವುದರಲ್ಲಿ ಎರಡು ಕೆಂಪಿನ ಹೊತ್ತು ಆವಿಯಾಗುತ್ತದೆ. ಎಡಗೈಯಲ್ಲೂ ಆಡಬಲ್ಲವನಿಗೆ ಇಲ್ಲಿ ಇರುವ ಲಾಭ ಬೇರೆ ಯಾವ ಪಂದ್ಯದಲ್ಲೂ ಇಲ್ಲ.

ಹಾಗಾದರೆ ದೊಡ್ಡ ದೊಡ್ಡ ಆಟಗಾರರೂ ಪಾಕೆಟ್ ಬಾಯಲ್ಲಿದ್ದ ಚೆಂಡು ತಪ್ಪಿಸುವುದು ಏಕೆ? ಕೈ ಅವಸರಪಡುವುದರಿಂದ ಎಂದು ಜನ ತಿಳಿಯುತ್ತಾರೆ. ಕೈಗಿಂತ ಮೊದಲು ಅವಸರಪಡುವುದು ಕಾಲು. ಕಾಲು ನೆಲಕ್ಕೆ ಸರಿಯಾಗಿ ಊರುವ ಮೊದಲೇ ಬಗ್ಗಿದರೆ ಎದೆ, ಗದ್ದ, ಕ್ಯೂ ಒಂದೇ ಗೆರೆಗೆ ಬರುವುದಿಲ್ಲ. ಆಮೇಲೆ ತಲೆ. ಚೆಂಡು ಪಾಕೆಟ್‌ಗೆ ಬೀಳುವ ಮೊದಲೇ ಕಣ್ಣು ಮುಂದಿನ ಕೆಂಪಿಗೆ ಹಾರುತ್ತದೆ, ಕಣ್ಣಿನ ಹಿಂದೆ ತಲೆ, ತಲೆಯ ಹಿಂದೆ ಭುಜ. ಕೂದಲೆಳೆಯಷ್ಟು ಅಲ್ಲಾಡಿದರೂ ಸಾಕು. ಒಂದು ತಪ್ಪಿದರೆ ಮಾಮೂಲಿಗೆ ಎದುರಾಳಿ ಬರುತ್ತಾನೆ, ಕೂತು ಉಸಿರು ತೆಗೆದುಕೊಳ್ಳಬಹುದು. ಇಲ್ಲಿ ಕುರ್ಚಿಯೇ ಇಲ್ಲ, ಅದೇ ಚೆಂಡಿಗೆ ಮತ್ತೆ ಬಗ್ಗಬೇಕು.

ಎರಡನೆಯ ಸುತ್ತು ‘ಪಾಕೆಟ್ ಮನಿ’. ಇಲ್ಲಿ ಹಾಕುವುದಷ್ಟೇ ಅಲ್ಲ, ಎಲ್ಲಿ ಹಾಕಿದೆ ಎಂಬುದೂ ಲೆಕ್ಕಕ್ಕೆ ಬರುತ್ತಿತ್ತು. ಆ ಸುತ್ತಿಗೆ ನನ್ನ ಅಂಕ ಸ್ವಲ್ಪ ಕಡಿಮೆ, ನೋಡುವವರು ಚೆಂಡನ್ನೂ ನೋಡಬೇಕು, ಪಾಕೆಟ್‌ನ ಬೆಲೆಯನ್ನೂ ನೆನಪಿಡಬೇಕು. ಕೊನೆಯ ‘ಮೇಕ್ ಆರ್ ಬ್ರೇಕ್’ ಮತ್ತೆ ಸೊಗಸು. ಉಳಿದ ಒಬ್ಬ ಸ್ಪರ್ಧಿಯ ಪ್ರತಿ ಸರಿ ಉತ್ತರಕ್ಕೆ ಟೇಬಲ್ಲಿನಿಂದ ಒಂದು ಕೆಂಪು ಮಾಯ. ಆಮೇಲೆ ಆಟಗಾರ ಉಳಿದ ಕೆಂಪುಗಳನ್ನು, ಬಳಿಕ ಬಣ್ಣಗಳನ್ನು ಕ್ರಮವಾಗಿ (ಹಳದಿ, ಹಸಿರು, ಕಂದು, ನೀಲಿ, ಗುಲಾಬಿ, ಕಪ್ಪು) ಗಡಿಯಾರದ ಎದುರು ತೆರವು ಮಾಡಬೇಕು. ದೊಡ್ಡ ಬಹುಮಾನ ಕಪ್ಪಿಗೆ. ಹಳದಿ, ಹಸಿರು, ಕಂದು ಮೂರೂ ಬಾಕ್ ಗೆರೆಯ (ಟೇಬಲ್ಲಿನ ಒಂದು ತುದಿಯಲ್ಲಿ ಅಡ್ಡಕ್ಕೆ ಎಳೆದ ಗೆರೆ) ಮೇಲೆ, ಅಕ್ಕಪಕ್ಕದ ಎರಡರ ನಡುವೆ ಬರೀ 11½ ಇಂಚು. ಅಲ್ಲಿವರೆಗೆ ಯಾರೂ ಬೆವರುವುದಿಲ್ಲ. ಗಡಿಯಾರ ಸಾಯುವುದು ಕಂದಿನಿಂದ ನೀಲಿಗೆ ಹೋಗುವಾಗ. ನೀಲಿ ಟೇಬಲ್ ನಡುವೆ ಇದೆ. ಬಿಳಿ ಅದಕ್ಕೆ ತೀರಾ ನೇರವಾಗಿ ಬಂದು ನಿಂತರೆ ನೀಲಿ ಬೀಳುತ್ತದೆ, ಗುಲಾಬಿಗೆ ಹೋಗಲು ಕೋನವೇ ಇರುವುದಿಲ್ಲ. ಕೋನ ಹೆಚ್ಚಾದರೆ ನೀಲಿಯೇ ಸಂಶಯ. ಟಿವಿ ನೋಡುತ್ತಾ ಯಾರು ಗೆಲ್ಲುತ್ತಾರೆ ಎಂದು ಮೊದಲೇ ಹೇಳಿ ಮನೆಯವರ ಮುಂದೆ ಜಾಣರಾಗಬೇಕಾದರೆ ಆ ಒಂದು ಹೊಡೆತ ನೋಡಿದರೆ ಸಾಕು.

ಮೊದಲ ಸುತ್ತಿನಲ್ಲಿ ಸೋತವನಿಗೆ ಸಮಾಧಾನದ ಅವಕಾಶ: ವರ್ಗೊ ಒಂದು ಟ್ರಿಕ್ ಶಾಟ್ ಹೊಡೆದು ತೋರಿಸುತ್ತಾರೆ, ಚೆಂಡುಗಳನ್ನು ಮತ್ತೆ ಹಾಗೇ ಜೋಡಿಸುತ್ತಾರೆ, ಸ್ಪರ್ಧಿ ಅದನ್ನೇ ಹೊಡೆಯಬೇಕು. ಇದನ್ನು ಬರೀ ತಮಾಷೆ ಎಂದುಕೊಂಡವರೇ ಹೆಚ್ಚು. ಟ್ರಿಕ್ ಶಾಟ್‌ನ ಮುಕ್ಕಾಲು ಪಾಲು ಕೆಲಸ ಹೊಡೆಯುವುದರಲ್ಲಿ ಇಲ್ಲ, ಜೋಡಿಸುವುದರಲ್ಲಿದೆ. ಅದಕ್ಕೇ ಕ್ಯೂ ಹಿಡಿಯಲು ಬಾರದವನಿಗೂ ಅದು ಒಲಿಯಬಹುದು. ಕ್ಯಾರಂ ಆಡಿದವರಿಗೆ ಇದು ಬೇಗ ಹೊಳೆಯುತ್ತದೆ: ಎರಡು ಕಾಯಿ ಒಂದಕ್ಕೊಂದು ತಾಗಿ ಪಾಕೆಟ್ ಕಡೆ ಮುಖ ಮಾಡಿದ್ದರೆ, ಹಿಂದಿನದಕ್ಕೆ ಹೆಚ್ಚು ಕಡಿಮೆ ಎಲ್ಲಿ ತಾಗಿಸಿದರೂ ಮುಂದಿನದು ಒಳಗೆ. ಸ್ನೂಕರ್‌ನಲ್ಲಿ ಇದಕ್ಕೆ ಪ್ಲಾಂಟ್ ಎನ್ನುತ್ತಾರೆ. ಮುಂದಿನ ಚೆಂಡು ಎರಡರ ಮಧ್ಯಬಿಂದುಗಳನ್ನು ಸೇರಿಸುವ ಗೆರೆಯ ಗುಂಟ ಹೊರಡುತ್ತದೆ.

ಜೋಡಣೆ ಎಷ್ಟು ನಿಖರವಾಗಿರಬೇಕು? ಚೆಂಡಿನ ವ್ಯಾಸ 52.5 ಮಿಲಿಮೀಟರ್. ಮುಂದಿನ ಚೆಂಡನ್ನು ಬರೀ ಒಂದು ಮಿಲಿಮೀಟರ್ ಪಕ್ಕಕ್ಕೆ ಇಟ್ಟರೆ ಗೆರೆ ಒಂದು ಡಿಗ್ರಿಗಿಂತ ತುಸು ಹೆಚ್ಚು ತಿರುಗುತ್ತದೆ. ಒಂದು ಮೀಟರ್ ದೂರದ ಪಾಕೆಟ್ ತಲುಪುವಾಗ ಅದು 19 ಮಿಲಿಮೀಟರ್ ಆಗಿರುತ್ತದೆ. ಪಾಕೆಟ್ ಬಾಯಿ ಮೂರೂವರೆ ಇಂಚಿನ ಆಸುಪಾಸು, ಅದರಲ್ಲಿ ಚೆಂಡಿನ ಅಗಲ ಕಳೆದರೆ ಅತ್ತ ಇತ್ತ 18 ಮಿಲಿಮೀಟರ್ ಸಿಗುತ್ತದೆ. ಆ ಒಂದು ಮಿಲಿಮೀಟರಿಗೇ ಚೆಂಡು ಪಾಕೆಟ್ ಬಾಯಿಯ ಅಂಚಿಗೆ ತಾಗಿ ಆಚೆ. ಅದಕ್ಕೇ ಪಳಗಿದವರು ಚೆಂಡು ಇಟ್ಟ ಮೇಲೆ ಪಾಕೆಟ್ ಹಿಂದೆ ಬಗ್ಗಿ ಗೆರೆ ನೋಡುತ್ತಾರೆ, ತಾಗಿಕೊಂಡಿರುವ ಚೆಂಡುಗಳ ನಡುವೆ ಬೆಳಕಿನ ಎಳೆ ಕಂಡರೆ ಮತ್ತೆ ಇಡುತ್ತಾರೆ. ಚೆಂಡಿಗೆ ಚಾಕ್ ಪುಡಿ ಅಂಟಿದ್ದರೂ ಲೆಕ್ಕ ತಪ್ಪುತ್ತದೆ, ಒರೆಸದೆ ಇಡಬಾರದು. ಬಟ್ಟೆಯದ್ದು ಇನ್ನೊಂದು ಕತೆ: ಸ್ಟುಡಿಯೋದ ದೀಪದ ಬಿಸಿಗೆ ಒಣಗಿದ ಬಟ್ಟೆಯಲ್ಲಿ ಚೆಂಡು ಜಾರಿಕೊಂಡು ಹೋಗುತ್ತದೆ. ಮಳೆಗಾಲದಲ್ಲಿ ಮಂಗಳೂರಿನ ಯಾವುದಾದರೂ ಕ್ಲಬ್ಬಿನಲ್ಲಿ ಅದೇ ಶಾಟ್ ಹೊಡೆದರೆ ಅರ್ಧ ದಾರಿಯಲ್ಲಿ ಸುಸ್ತಾಗುತ್ತದೆ. ಹೊಸಬರು ಮಾಡುವ ತಪ್ಪು ಮಾತ್ರ ಎಲ್ಲ ಕಡೆ ಒಂದೇ, ಬೇಕಾದ್ದಕ್ಕಿಂತ ಜೋರಾಗಿ ಹೊಡೆಯುವುದು.

ವರ್ಗೊ ಅವರ ಹೆಸರಿಗೇ ಅಂಟಿಕೊಂಡಿರುವ ‘ಮಷೀನ್ ಗನ್’ ಶಾಟ್ ಬೇರೆ ಜಾತಿಯದು. ಬಿಳಿಯನ್ನು ಮೆಲ್ಲಗೆ ಮೂಲೆ ಪಾಕೆಟ್ ಕಡೆ ಉರುಳಿಬಿಟ್ಟು, ಅದು ತಲುಪುವ ಮೊದಲೇ ಸಾಲಾಗಿ ಇಟ್ಟ ಕೆಂಪುಗಳನ್ನು ಪಟಪಟನೆ ಅದೇ ಪಾಕೆಟ್‌ಗೆ ಹೊಡೆದು ಮುಗಿಸುವುದು, ಕೊನೆಗೆ ಬಿಳಿ ಬಂದು ಬೀಳಬೇಕು. ಕೆಂಪನ್ನು ನೇರವಾಗಿ ಕ್ಯೂನಿಂದ ಹೊಡೆಯುವುದು, ಚೆಂಡು ಉರುಳುತ್ತಿರುವಾಗ ಹೊಡೆಯುವುದು, ಬಿಳಿ ಒಳಗೆ ಹೋಗುವುದು ಎಲ್ಲವೂ ಫೌಲ್. ಒಂದೇ ಹೊಡೆತದಲ್ಲಿ ಇಷ್ಟೊಂದು ನಿಯಮ ಮುರಿದು ಚಪ್ಪಾಳೆ ಗಿಟ್ಟಿಸುವುದು ಇನ್ನಾವ ಆಟದಲ್ಲಿದೆ? ಇದರ ಗುಟ್ಟು ಕೆಂಪುಗಳಲ್ಲಿಲ್ಲ, ಮೊದಲ ಬಿಳಿಯ ವೇಗದಲ್ಲಿದೆ. ಜೋರಾದರೆ ಕೆಂಪು ಉಳಿಯುತ್ತದೆ, ಮೆಲ್ಲಗಾದರೆ ಬಿಳಿ ಪಾಕೆಟ್ ಮುಟ್ಟದೆ ಬಟ್ಟೆಯ ಜುಂಗಿನ ಎಳೆತಕ್ಕೆ ಸಿಕ್ಕಿ ಪಕ್ಕಕ್ಕೆ ವಾಲುತ್ತದೆ.

ಈಗ ಶೀರ್ಷಿಕೆಯ ಪ್ರಶ್ನೆ. 2011ರಲ್ಲಿ ಬ್ಲ್ಯಾಕ್‌ಪೂಲ್‌ನಲ್ಲಿ ಮರುಹುಟ್ಟು ಪಡೆದ ‘ಶೂಟ್ ಔಟ್’ ಪಂದ್ಯಾವಳಿಯನ್ನು ಸ್ನೂಕರ್‌ನ ಟಿ20 ಎನ್ನುತ್ತಾರೆ. ಒಂದೇ ಫ್ರೇಮ್ (ಒಂದು ಸಲ ಚೆಂಡು ಜೋಡಿಸಿ ಆಡುವ ಆಟ), 10 ನಿಮಿಷ. ಮೊದಲ ಐದು ನಿಮಿಷ ಪ್ರತಿ ಹೊಡೆತಕ್ಕೆ 15 ಸೆಕೆಂಡು, ಆಮೇಲೆ 10. ಪ್ರತಿ ಹೊಡೆತದಲ್ಲೂ ಚೆಂಡೊಂದು ಬೀಳಬೇಕು, ಇಲ್ಲವೇ ಕುಶನ್‌ಗೆ ತಾಗಬೇಕು. ಅಂಕ ಸಮವಾದರೆ ನೀಲಿ ಚೆಂಡಿನ ಶೂಟ್ ಔಟ್, ಅಂದರೆ ಒಬ್ಬರಾದ ಮೇಲೊಬ್ಬರು ನೀಲಿ ಹಾಕಲು ನೋಡುವುದು. ಕೇಳಲು ಭಾರಿ ರೋಚಕ. 2017ರಲ್ಲಿ ಅದಕ್ಕೆ ರ‍್ಯಾಂಕಿಂಗ್ ಪಂದ್ಯಾವಳಿಯ ಮಾನ್ಯತೆಯೂ ಸಿಕ್ಕಿತು. ಆದರೆ ಕೊನೆಯ ಒಂದು ನಿಮಿಷ ನೋಡಿ. 10 ನಿಮಿಷದ ಗಡಿಯಾರ ಇಬ್ಬರಿಗೂ ಸೇರಿದ್ದು. ಮುಂದಿರುವವನಿಗೆ ಆಡುವ ಅಗತ್ಯವೇ ಇಲ್ಲ, ಕಳೆಯಬೇಕಾದ್ದು ಹೊತ್ತು. ಪ್ರತಿ ಹೊಡೆತಕ್ಕೆ ಒಂಬತ್ತು ಸೆಕೆಂಡು ನಿಂತು ನೋಡುತ್ತಾನೆ. ಆಮೇಲೆ ಚೆಂಡುಗಳು ಉರುಳುತ್ತಿರುವಷ್ಟು ಹೊತ್ತೂ ದೊಡ್ಡ ಗಡಿಯಾರ ಓಡುತ್ತಲೇ ಇರುತ್ತದೆ, ಹೊಡೆತದ ಗಡಿಯಾರ ಶುರುವಾಗುವುದು ಚೆಂಡು ನಿಂತ ಮೇಲೆ. ಹಾಗಾಗಿ ಬಿಳಿಯನ್ನು ಟೇಬಲ್ ತುಂಬ ಓಡಾಡಿಸಿದರೆ ಇನ್ನೂ ನಾಲ್ಕೈದು ಸೆಕೆಂಡು ಜೇಬಿಗೆ. ಇದು ಮೋಸವಲ್ಲ, ನಿಯಮದ ಒಳಗಿನ ಜಾಣ್ಮೆ. ಆಟಗಾರನನ್ನು ಬಯ್ಯುವುದರಲ್ಲಿ ಅರ್ಥವಿಲ್ಲ. ವೇಗಕ್ಕಾಗಿಯೇ ಕಟ್ಟಿದ ಆಟದ ಅತಿ ಮುಖ್ಯ ನಿಮಿಷದಲ್ಲಿ ನಿಧಾನಿಸಿದವನಿಗೆ ಲಾಭ ಸಿಗುವುದಾದರೆ ತಪ್ಪು ಕಟ್ಟಿದವರದು.

‘ಬಿಗ್ ಬ್ರೇಕ್’ನಲ್ಲಿ ಗಡಿಯಾರ ಒಬ್ಬನದೇ. ಅವನ ಜೊತೆಗಾರ ಉತ್ತರ ಹೇಳಿ ದುಡಿದು ತಂದದ್ದು. ಅದನ್ನು ಪೋಲು ಮಾಡಿ ಎದುರಾಳಿಗೆ ಕೇಡು ಮಾಡಲು ಬರುವುದೇ ಇಲ್ಲ. ಹೊಡೆತದ ಗಡಿಯಾರ, ಕುಶನ್ ನಿಯಮ, ಬೀಪ್ ಸದ್ದು, ಕೂಗುವ ಪ್ರೇಕ್ಷಕರು ಯಾವುದೂ ಬೇಡ, ಆಟಗಾರ ತಾನಾಗಿಯೇ ಓಡುತ್ತಾನೆ. ಕುಂಟೆಬಿಲ್ಲೆ ಆಡುವ ಮಕ್ಕಳಿಗೂ ಗೊತ್ತಿರುವ ಈ ನ್ಯಾಯ ವೃತ್ತಿಪರ ಪಂದ್ಯಾವಳಿಗೆ ಹೊಳೆಯದಿರುವುದು ಸೋಜಿಗ.

ನಮ್ಮ ಕಡೆ ಇಂಥದ್ದೊಂದು ಶೋ ಆಗಬಹುದೇ ಎಂದು ಕೇಳುವವರಿದ್ದಾರೆ. ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬಲ್ಪುರದ ಸೇನಾ ಮೆಸ್ಸಿನಲ್ಲಿ, ಮುಂದೆ ನೆಲೆ ಕಂಡದ್ದು ನಮ್ಮ ಗುಂಡ್ಲುಪೇಟೆಯಿಂದ ಘಾಟಿ ಹತ್ತಿದರೆ ಸಿಗುವ ಊಟಿಯ ಕ್ಲಬ್ಬಿನಲ್ಲಿ. ಬೆಂಗಳೂರಿನ ಪಂಕಜ್ ಅಡ್ವಾಣಿ 2014 ಮತ್ತು 2015ರಲ್ಲಿ ಆರು ಕೆಂಪಿನ (ಹದಿನೈದರ ಬದಲು ಆರೇ ಕೆಂಪು ಚೆಂಡಿಟ್ಟು ಆಡುವ ಸ್ನೂಕರ್) ವಿಶ್ವ ಪ್ರಶಸ್ತಿಯನ್ನೂ ಗೆದ್ದವರು. ಆದರೂ ಟೇಬಲ್ ಕ್ಲಬ್ಬಿನ ಬಾಗಿಲ ಹಿಂದೆಯೇ ಉಳಿದಿದೆ, ಮನೆಯಲ್ಲಿ ಕೂತ ನೋಡುಗರಿಗೆ ಸ್ಟನ್ ಏನು, ಸ್ಕ್ರೂ ಏನು ಎಂದು ಮೊದಲಿನಿಂದ ಹೇಳಬೇಕಾಗುತ್ತದೆ. ಇದೇ ಕಟ್ಟೋಣವನ್ನು ಕ್ಯಾರಂಗೆ ಇಳಿಸಿದರೆ ಯಾರಿಗೂ ಪಾಠ ಬೇಡ. ಕೆಲವು ತಿದ್ದುಪಡಿ ಮಾತ್ರ ಬೇಕು. ಕ್ಯಾರಂನಲ್ಲಿ ನಡಿಗೆ ಇಲ್ಲವಾದ್ದರಿಂದ ಒಂದು ಉತ್ತರಕ್ಕೆ 10 ಸೆಕೆಂಡು ಕೊಟ್ಟರೆ ಪಳಗಿದವರು ಎರಡು ಮೂರು ಕಾಯಿ ಹಾಕಿಬಿಡುತ್ತಾರೆ, 5 ಸಾಕು. ಸ್ಟ್ರೈಕರ್ ಒಳಗೆ ಬಿದ್ದರೆ ಫೈನ್ ಕಾಯಿಯನ್ನು ಆಟಗಾರನೇ ಇಡುವುದು ಬೇಡ, ಸುತ್ತು ಮುಗಿದ ಮೇಲೆ ಲೆಕ್ಕದಲ್ಲಿ ಒಂದು ಕಳೆದರಾಯಿತು, ಗಡಿಯಾರ ನಿಲ್ಲಿಸುವ ರಗಳೆಯಿಲ್ಲ. ಸ್ಟ್ರೈಕರ್ ಎರಡೂ ಗೆರೆ ಮುಟ್ಟಿದೆಯೇ ಎಂದು ನೋಡಲು ಮೇಲಿನಿಂದ ಒಂದು ಕ್ಯಾಮೆರಾ, ಕೈಯ ನೆರಳು ಬೋರ್ಡಿನ ಮೇಲೆ ಬೀಳದಂತೆ ದೀಪ ಎರಡೂ ಬದಿಯಿಂದ. ಇನ್ನು ಬೋರಿಕ್ ಪೌಡರ್: ಒಬ್ಬ ಆಡಿದ ಮೇಲೆ ಅದು ಮೂಲೆಗಳಿಗೆ ಸರಿದು ನಡುವೆ ಬೋರ್ಡು ಅಂಟತೊಡಗುತ್ತದೆ. ಪ್ರತಿ ಆಟಗಾರನ ಮುಂಚೆ ಪೂರ್ತಿ ಒರೆಸಿ ಅಷ್ಟೇ ಪೌಡರ್ ಹೊಸದಾಗಿ ಹಾಕದಿದ್ದರೆ ಮೂರನೆಯವನು ಸೋತಾಗ ಜಗಳ ಗ್ಯಾರಂಟಿ.