ಖಾಲಿ ಹಿನ್ನೆಲೆ, ನೇರ ನೋಟ

ಭಾವಚಿತ್ರಗಳ ಬಗ್ಗೆ ನಿಮ್ಮ ಬರಹದಲ್ಲಿ, ಸುತ್ತಲಿನ ಸಾಮಾನುಗಳೇ ಚಿತ್ರದಲ್ಲಿರುವವರ ಗುಣ ಹೇಳುತ್ತವೆ ಅಂತ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್ 1650ರಲ್ಲಿ ರೋಮ್‌ನಲ್ಲಿ ಬರೆದ ಎರಡು ಚಿತ್ರ ನೋಡಿ. ಒಂದರಲ್ಲಿ ಪೋಪ್ ಹತ್ತನೇ ಇನೊಸೆಂಟ್. ಕೆಂಪು ಪರದೆ, ದೊಡ್ಡ ಕುರ್ಚಿ, ಕೈಯಲ್ಲಿ ಕಾಗದ, ಎಲ್ಲಾ ಇದೆ. ಆದರೂ ನನ್ನನ್ನು ಹಿಡಿದು ನಿಲ್ಲಿಸುವುದು ಆ ಓರೆನೋಟ, ಬಿಗಿದ ತುಟಿ. ಸುಲಭಕ್ಕೆ ಯಾರನ್ನೂ ನಂಬದ ಮನುಷ್ಯ ಅನ್ನಿಸುತ್ತದೆ, ಅಲ್ವಾ? ಇನ್ನೊಂದು ಹುವಾನ್ ದೆ ಪರೇಹಾನದು. ಅವನು ಆಗ ವೆಲಾಸ್ಕೆಸ್‌ನ ಗುಲಾಮ, ಚಿತ್ರದ ಕೆಲಸದಲ್ಲಿ ಸಹಾಯಕ. ಹಿಂದೆ ಬೂದು ಬಣ್ಣ ಬಿಟ್ಟರೆ ಏನೂ ಇಲ್ಲ. ಬಿಳಿ ಲೇಸಿನ ಅಗಲ ಕಾಲರ್, ಮೈಗೆ ಅಡ್ಡ ಹಿಡಿದ ಕೈ. ತಲೆ ಎತ್ತಿ ನೇರ ನಮ್ಮ ಕಣ್ಣನ್ನೇ ನೋಡುತ್ತಾನೆ. ಒಂದು ಚೂರೂ ತಗ್ಗದ ನೋಟ! ಅವನ ಬಿಡುಗಡೆ ಪತ್ರಕ್ಕೆ ಸಹಿ ಬಿದ್ದದ್ದೂ ಅದೇ ವರ್ಷ, ಈ ಚಿತ್ರ ಮುಗಿದ ಮೇಲೆ.